ಬಣ್ಣ ಒಂದೇ ಸಮ ಇಲ್ಲ

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ನಾನು ಚಿಕ್ಕಮಗಳೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಗ್ಯಾಸ್ ಉರಿಯ ಮುಂದೆ ಕೂತು ಗಾಜಿನ ಮಣಿ ಮಾಡುತ್ತಿದ್ದೆ. ನನ್ನ ಗಾಜಿನ ಕಡ್ಡಿ ನೋಡಲು ಬೆಲ್ಲದ ಬಣ್ಣ. ಕರಗಿಸಿ, ತುಸು ಆರಿಸಿ, ಮತ್ತೆ ಉರಿಗೆ ಹಿಡಿದರೆ ನೀಲಿಯೋ ನೇರಳೆಯೋ ಏಳುತ್ತಿತ್ತು. ಯಾವುದು ಏಳುತ್ತದೆಂದು ಅದಕ್ಕೇ ಗೊತ್ತಿರುತ್ತಿರಲಿಲ್ಲ.

ಪರಿಚಯದ ಪ್ಲಾಂಟರೊಬ್ಬರು ಮಗಳ ಮದುವೆಯ ಸರಕ್ಕೆಂದು ನೀಲಿ ಮಣಿ ಮಾಡಿಕೊಡಲು ಹೇಳಿದ್ದರು. ಒಯ್ಯಲು ಬಂದವರು ಮಣಿಗಳನ್ನು ಅಂಗೈಗೆ ಸುರಿದುಕೊಂಡು ಬೆರಳಿನಿಂದ ಕೆದಕಿದರು. ಕಣದಲ್ಲಿ ಕಾಫಿ ಬೀಜ ಒಣಗಿದೆಯೇ ಎಂದು ಕಚ್ಚಿ ನೋಡುವುದು ಅವರ ಜೀವಮಾನದ ಅಭ್ಯಾಸ. ನಾನು ಬೇಡವೆನ್ನುವಷ್ಟರಲ್ಲಿ ಒಂದು ಮಣಿಯನ್ನು ಬಾಯಿಗೆ ಹಾಕಿ ಕಟಕ್ಕನೆ ಕಚ್ಚಿಯೇಬಿಟ್ಟರು. ಮಣಿಗೆ ಏನೂ ಆಗಲಿಲ್ಲ. ಮುಂದಿನ ಹಲ್ಲು ಅರ್ಧ ಹೋಯಿತು.

ಹಲ್ಲು ಹೋದರೂ ನಮ್ಮ ಪ್ಲಾಂಟರುಗಳು ತೀರ್ಪು ಕೊಡದೆ ಬಿಡುವವರಲ್ಲ. ಕರವಸ್ತ್ರವನ್ನು ಬಾಯಿಗೊತ್ತಿಕೊಂಡೇ, "ಒಣಗೋದೇನೋ ಒಣಗಿದೆ ಮಾರಾಯ್ತಿ, ಆದ್ರೆ ಬಣ್ಣ ಒಂದೇ ಸಮ ಇಲ್ಲ" ಎಂದರು.

"ಕೈಯಲ್ಲಿ ಮಾಡೋದಲ್ವಾ ಸಾರ್, ಒಂದರ ಹಾಗೆ ಇನ್ನೊಂದು ಬರಲ್ಲ" ಎಂದೆ.

"ಅದೆಲ್ಲ ಕೆಲಸ ಬರದವರು ಹೇಳೋ ಮಾತು" ಎಂದು ಮಣಿಗಳನ್ನು ಅಲ್ಲೇ ಬಿಟ್ಟು ಹೋದರು.

ಮದುವೆಯ ದಿನ ಛತ್ರದ ಬಾಗಿಲಲ್ಲಿ ನಿಂತು ನನ್ನನ್ನು ನಗುನಗುತ್ತಾ ಸ್ವಾಗತಿಸಿದರು. ಕಟ್ಟಿಸಿದ ಹಲ್ಲು ಸುಣ್ಣದಷ್ಟು ಬೆಳ್ಳಗಿತ್ತು. ಅಕ್ಕಪಕ್ಕದವು ಕಾಫಿ ಕುಡಿದು ಕುಡಿದು ಕಂದಿದ್ದವು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವರೇ ಹೇಳಿದರು: "ಕೈಯಲ್ಲಿ ಮಾಡೋದಲ್ವಾ, ಒಂದರ ಹಾಗೆ ಇನ್ನೊಂದು ಬರಲ್ವಂತೆ. ಭಾರೀ ಕೆಲಸಗಾರ ಮಾರಾಯ್ತಿ, ಆ ಡಾಕ್ಟ್ರು!"