ಬಗ್ಗಿಸದೆ ಬಿಟ್ಟ ಮೊಣಕಾಲು

ಆ ಮೊಣಕಾಲು ಇನ್ನೂ ಬಗ್ಗುತ್ತಿತ್ತು. ಬಗ್ಗುವುದಿಲ್ಲ ಎಂದು ನಾನು ಸುಳ್ಳು ಹೇಳಿದೆ — ಗೊತ್ತಿದ್ದೇ ಹೇಳಿದೆ. ಕೊಕ್ಕರ್ಣೆಯ ಗಿರಿಜಕ್ಕ ಅದನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ಕೈ ಮುಗಿದು ಹೋದರು. ಆ ಮುಗಿದ ಕೈಗಳು... ಇರಲಿ, ಮೊದಲಿನಿಂದ ಹೇಳುತ್ತೇನೆ.

ಐದಾರು ವರ್ಷದ ಹಿಂದಿನ ಮಾತು, ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಿರಿಮಂಜೇಶ್ವರದವನು, ಬೊಂಬಾಯಿಯಲ್ಲಿ ಫಿಸಿಯೋಥೆರಪಿ ಕಲಿತು ಬಂದು ಕುಂದಾಪುರದ ಒಂದು ಖಾಸಗಿ ಆಸ್ಪತ್ರೆ ಸೇರಿದ್ದೆ. ಆ ವಿದ್ಯೆಯ ಹೆಸರಿಗೆ ಇಲ್ಲಿ ಯಾರ ನಾಲಗೆಯೂ ಹೊರಳುತ್ತಿರಲಿಲ್ಲ. ‘ಕೈಕಾಲ್ ಬಗ್ಸು ಡಾಕ್ಟ್ರು’ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ತಿದ್ದಬಹುದಿತ್ತು, ತಿದ್ದಲಿಲ್ಲ, ಕೇಳಲು ಹಿತವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ, ಎರಡು ಹೊತ್ತೂ ಹೋಟೆಲಿನ ಊಟ. ಎದುರಿನ ಬೆಂಚಿನಲ್ಲಿ ಯಾರೋ ಬಂದು ಉಂಡು ಎದ್ದು ಹೋಗುತ್ತಿದ್ದರು, ನಾಳೆ ಇನ್ಯಾರೋ. ಒಬ್ಬನೇ ಉಣ್ಣುವುದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವನೇ ಹೀಗೆ ಮಾಡಿದೆ ಎಂಬುದನ್ನು ಓದುವವರು ಮರೆಯಬಾರದು.

ಗಿರಿಜಕ್ಕ ಬೇಸಾಯದ ದೊಡ್ಡ ಮನೆಯವರು. ಗದ್ದೆಯಂಚಿನಿಂದ ಹುಲ್ಲಿನ ಹೊರೆ ಸಮೇತ ಜಾರಿ ಬಿದ್ದು ಮೊಣಕಾಲಿನ ಮೇಲಿನ ಎಲುಬು ಮುರಿದುಕೊಂಡಿದ್ದರು. ಪ್ಲಾಸ್ಟರು ಬಿಚ್ಚಿದಾಗ ಕಾಲು ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಅದನ್ನು ಬಗ್ಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನವೇ ಅವರು ಕೇಳಿದ್ದು ಒಂದೇ ಮಾತು.

“ನಂಗೆ ಕೂಕಂಬುಕೆ ಆತ್ತಾ ಡಾಕ್ಟ್ರೇ?”

ಕೂರಲು ಆಗುತ್ತದೆಯೇ ಎಂದು. ಖಂಡಿತ ಆಗುತ್ತದೆ ಎಂದೆ. ಅವರು ಕೇಳಿದ ಕೂರುವುದು ಬೇರೆ, ನಾನು ಹೇಳಿದ ಕೂರುವುದು ಬೇರೆ. ಅವರ ಮನೆಯಲ್ಲಿ ಕೂರುವುದೆಂದರೆ ನೆಲದ ಮೇಲೆ, ಕಾಲು ಮಡಚಿ — ಮೆಟ್ಟುಕತ್ತಿಯ ಮುಂದೆ ತರಕಾರಿ ಹೆಚ್ಚುತ್ತ, ಗಂಡಸರ ಊಟವಾದ ಮೇಲೆ ಹೆಂಗಸರೆಲ್ಲ ಸಾಲಾಗಿ ಉಣ್ಣುತ್ತ, ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತ. ನಾನು ಬೊಂಬಾಯಿಯಲ್ಲಿ ಕಲಿತು ಬಂದ ಕೂರುವುದಕ್ಕೆ ನಾಲ್ಕು ಕಾಲುಗಳಿದ್ದವು, ಬೆನ್ನಿಗೊಂದು ಆಸರೆಯಿತ್ತು.

ಈ ತಪ್ಪು ತಿಳಿವಳಿಕೆ ಬಹಳ ದಿನ ಉಳಿಯಲಿಲ್ಲ. ಇದನ್ನು ನಾನು ಒಪ್ಪಲೇಬೇಕು, ಇಲ್ಲವಾದರೆ ಅದರ ಹಿಂದೆ ಅಡಗಿಕೊಳ್ಳುತ್ತೇನೆ. ಅವರ ಕಾಲು ಕುರ್ಚಿಯಲ್ಲಿ ಕೂರುವಷ್ಟು ಮಡಚಲು ಬಂದ ದಿನ ನಾನು ಹೆಮ್ಮೆಯಿಂದ ಕೂರಿಸಿದೆ. ಅವರು ಕೂತರು. ನೆಲ ನೋಡಿದರು. “ಇದಲ್ಲ,” ಎಂದರು. “ಕೆಳ್ಗೆ ಕೂಕಂಡ್ ಉಂಬುಕೆ ಆದ್ರೆ ಸಾಕ್. ನಡುಕೆ ಕೋಲಾದ್ರೂ ಸಾಕಿತ್ ನಂಗೆ.”

ನೆಲದಲ್ಲಿ ಕೂರುವುದೇ ಮುಖ್ಯ, ನಡೆಯಲು ಕೋಲಿದ್ದರೂ ಸರಿ — ಅವರ ಮಾತು ನನಗೆ ಅರ್ಥವಾಗಿತ್ತು. ಮೊಣಕಾಲಿನ ಆ ಗಂಟಿನಲ್ಲಿ ಇನ್ನೂ ಬಗ್ಗುವ ಸಡಿಲವಿತ್ತು — ನನ್ನ ಅಂಗೈಗೆ ಅದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಇನ್ನೆರಡು ತಿಂಗಳು ದಿನವೂ ಒತ್ತಿ, ನೋಯಿಸಿ, ಸಮಾಧಾನ ಹೇಳಿ, ಮತ್ತೆ ಒತ್ತಿದ್ದರೆ ಅವರು ನೆಲಕ್ಕೆ ಇಳಿಯುತ್ತಿದ್ದರು. ಆಗಲೇ ಮಾಡಬೇಕು, ತಡವಾದರೆ ಗಂಟು ಗಟ್ಟಿಯಾಗಿಬಿಡುತ್ತದೆ, ಮತ್ತೆ ಯಾರ ಕೈಗೂ ಬಗ್ಗುವುದಿಲ್ಲ. ಇದೂ ನನಗೆ ಗೊತ್ತಿತ್ತು.

ಆದರೆ ಒತ್ತಿದಾಗ ಅವರು ಕೂಗುತ್ತಿದ್ದರು. ಕೂಗು ಹೊರಗಿನ ಬೆಂಚಿನವರೆಗೆ ಕೇಳುತ್ತಿತ್ತು. ಅಲ್ಲಿ ಕೂತವರು ನನ್ನನ್ನು ಕಟುಕನಂತೆ ನೋಡುತ್ತಿದ್ದರು. ನಡೆಸುವ ಕೆಲಸ ಹಾಗಲ್ಲ. ಹಾಸಿಗೆ ಹಿಡಿದಿದ್ದವರು ಆಸ್ಪತ್ರೆಯ ಜಗಲಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದರೆ ಎಲ್ಲರಿಗೂ ಕಾಣುತ್ತದೆ. ಬೊಂಬಾಯಿಯಲ್ಲಿ ಹೋಟೆಲಿಟ್ಟು ಊರಿಗೆ ಬಂದ ಧಣಿಗಳನ್ನು ನಮ್ಮ ದೊಡ್ಡ ಡಾಕ್ಟರು ದೇಣಿಗೆಯ ಆಸೆಯಿಂದ ಅದೇ ಜಗಲಿಗೆ ಕರೆತರುತ್ತಿದ್ದರು. ಗಿರಿಜಕ್ಕ ಕೋಲಿಲ್ಲದೆ ನಡೆದು ತೋರಿಸಿದ ದಿನ ದೊಡ್ಡ ಡಾಕ್ಟರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ನೆಲದ ಮೇಲೆ ಕೂತ ಹೆಂಗಸಿಗೆ ಯಾವ ಧಣಿ ಭೇಷ್ ಎನ್ನುತ್ತಾನೆ? ಆಸ್ಪತ್ರೆ ಯಾವುದಕ್ಕೆ ಬೆನ್ನು ತಟ್ಟುತ್ತದೋ ನಮ್ಮ ಕೈ ಅದನ್ನೇ ಕಲಿಯುತ್ತದೆ. ನನ್ನ ಕೈ ಬಹಳ ಬೇಗ ಕಲಿಯಿತು. ಆದರೆ ಬೆನ್ನು ತಟ್ಟಿದವರು ಸುಳ್ಳು ಹೇಳು ಎಂದಿರಲಿಲ್ಲ. ಅದು ನನ್ನ ಸ್ವಂತದ್ದು.

ಮರುದಿನ ಬೆಳಿಗ್ಗೆ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಮುಖ ನೋಡದೆ ಹೇಳಿದೆ.

“ಇನ್ ಇದ್ ಬಗ್ಗುದಿಲ್ಲೆ ಅಕ್ಕ. ಎಲುಬ್ ಕೂಡಿದ್ದೇ ಹಾಂಗೆ.”

ಅವರು ಮೊಣಕಾಲಿನ ಮೇಲೆ ಸೀರೆ ಎಳೆದುಕೊಂಡರು. ಆಮೇಲೆ, “ಆಯ್ಲಿ. ನಿಮ್ಗೆ ಗೊತ್ತಿಪ್ಪುದ್ ನಂಗ್ ಎಂತ ಗೊತ್ತ್?” ಎಂದು ಕೈ ಮುಗಿದರು.

ಕರೆದೊಯ್ಯಲು ಬಂದ ಅವರ ತಮ್ಮನಿಗೆ ಒಂದು ಕುರ್ಚಿ ಕೊಳ್ಳಲು ಹೇಳಿದೆ. ಅಂಗಡಿಗೆ ಜೊತೆಗೆ ಹೋಗಿ ಬೆತ್ತದ ಒಳ್ಳೆಯ ಕುರ್ಚಿಯನ್ನು ನಾನೇ ಆರಿಸಿ ಕೊಟ್ಟೆ. ಅಷ್ಟು ಮಾಡಿ ಕೈ ತೊಳೆದುಕೊಂಡೆ. ಕೆಲಸವೂ ಖಾಯಂ ಆಯಿತು.

ಕಳೆದ ಬೇಸಿಗೆಯಲ್ಲಿ ಪಾರ್ಶ್ವವಾಯು ಹೊಡೆದ ಒಬ್ಬರನ್ನು ನೋಡಲು ಬ್ರಹ್ಮಾವರದಿಂದ ಬಸ್ಸು ಹತ್ತಿ ಕೊಕ್ಕರ್ಣೆಗೆ ಹೋಗಿದ್ದೆ. ಹಿಂದಿರುಗುವಾಗ ಗಿರಿಜಕ್ಕನ ಮನೆ ದಾರಿಯಲ್ಲೇ ಸಿಕ್ಕಿತು. ನೋಡದೆ ದಾಟಿಬಿಡೋಣ ಎಂದುಕೊಂಡೆ. “ಹ್ವಾಯ್, ಡಾಕ್ಟ್ರೇ” ಎಂದು ಅವರೇ ಕರೆದರು. ಮನೆಯವರೆಲ್ಲ ಮದುವೆಗೆ ಹೋಗಿದ್ದರಂತೆ. ಅಲ್ಲಿ ಎಲ್ಲರೂ ನೆಲದ ಮೇಲೆ ಪಂಕ್ತಿಗೆ ಕೂರುವಾಗ ತಾನೊಬ್ಬಳು ಕಂಬದ ಹಾಗೆ ನಿಲ್ಲುವುದು ಯಾಕೆಂದು ಇವರು ಹೋಗಿರಲಿಲ್ಲ. ನಗುತ್ತಲೇ ಹೇಳಿದರು. ಮನೆಯಲ್ಲೂ ಊಟ ಹಿಂದಿನ ಜಗಲಿಯಲ್ಲಂತೆ, ಒಬ್ಬರೇ. ತಾಯಿ, ದೊಡ್ಡಮ್ಮ ನೆಲದ ಮೇಲೆ ಕೂತಿರುವಾಗ ಅವರ ತಲೆಯ ಮೇಲೆ ಕುರ್ಚಿ ಹಾಕಿ ಕೂರುವುದುಂಟೇ? ಒಳಗಿನವರ ಮಾತು ಅಲ್ಲಿಗೆ ಕೇಳುತ್ತದೆ, ಆದರೆ ಯಾಕೆ ನಕ್ಕರೆಂದು ಗೊತ್ತಾಗುವುದಿಲ್ಲ ಎಂದರು.

ಹೋಟೆಲಿನ ನನ್ನ ಬೆಂಚು ನೆನಪಾಯಿತು. ನನ್ನ ಒಂಟಿತನ ನಾನು ತಂದುಕೊಂಡದ್ದು. ಇವರದ್ದು ನಾನು ಕೊಟ್ಟದ್ದು.

ಆಗ ಅವರು ಒಳಗೆ ಹೋಗಿ ಬೆತ್ತದ ಕುರ್ಚಿಯನ್ನು ಎಳೆದು ತಂದರು. ಸೆರಗಿನಿಂದ ಒರೆಸಿದರು. ಬಿಸಿಲಲ್ಲಿ ನಡೆದು ಬಂದಿದ್ದೆ, ಕಾಲು ಸೋತಿತ್ತು — ಕೂತುಬಿಟ್ಟೆ. ಕೂತ ಮೇಲೆ ನೋಡಿದರೆ ಅವರು ಕಂಬ ಹಿಡಿದು ನಿಂತಿದ್ದಾರೆ. ನೀವೂ ಕೂತುಕೊಳ್ಳಿ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

“ನಾನ್ ಎಲ್ ಕೂಕಣ್ಲಿ ಡಾಕ್ಟ್ರೇ?” ಎಂದರು. “ನಿಂತೇ ರೂಢಿ ಆಯ್ತ್. ನೀವ್ ಕೂಕಣಿ. ನಿಮ್ಮಿಂದ ಅಲ್ದಾ ನಾನ್ ನಡುದ್?”

ಎದ್ದು ನಿಲ್ಲಬೇಕಿತ್ತು. ಅಲ್ಲೇ, ಆಗಲೇ ನಿಜ ಹೇಳಬೇಕಿತ್ತು. ಅವರು ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಅವರ ಕುರ್ಚಿಯಲ್ಲಿ ಕೂತೇ ಕುಡಿದೆ, ಅವರು ನಿಂತೇ ಇದ್ದರು. ಹೋಗಿ ಬತ್ತೆ ಎಂದು ಹೇಳಿ ಬಂದೆ.

ಈಗ ನಿಜ ಹೇಳಿದರೂ ಆ ಕಾಲು ಬಗ್ಗುವುದಿಲ್ಲ. ಅವರ ಕಣ್ಣಿಗೆ ನಾನು ಡಾಕ್ಟರಾಗಿ ಉಳಿಯುವುದೂ ಇಲ್ಲ. ಆ ಮನೆಯ ಬಾಗಿಲು ನನಗೆ ಮತ್ತೆ ತೆರೆಯಲಿಕ್ಕಿಲ್ಲ. ಆದರೂ ಬರುವ ಭಾನುವಾರ ಕೊಕ್ಕರ್ಣೆಗೆ ಹೋಗುತ್ತೇನೆ. ಅವರು ಕುರ್ಚಿ ತಂದು ಒರೆಸುತ್ತಾರೆ, ನನಗೆ ಗೊತ್ತು. ಅವರನ್ನೇ ಅದರಲ್ಲಿ ಕೂರಿಸಿ, ನಿಂತು ಹೇಳುತ್ತೇನೆ.