ಮಲ್ಲಿ ಹೇಳಿ ಕಳಿಸಿದ ಮಾತು

ಮಲ್ಲಿಕಾರ್ಜುನನ ಬಲಗೈ ಹಾಳು ಮಾಡಿದವನು ನಾನು. ಇಪ್ಪತ್ತೆರಡು ವರ್ಷ ಸನತ್‌ನಗರದಲ್ಲಿ ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದದ್ದು ಬೇರೆ — ನಾನು ಬೇಡ ಅಂದೆ, ಅವನೇ ಕೇಳಲಿಲ್ಲ ಅಂತ. ಅದು ಸುಳ್ಳು. ಹೇಳಿ ಹೇಳಿ ಕೊನೆಗೆ ನನಗೂ ಅದು ನಿಜವೆಂದೇ ಅನಿಸತೊಡಗಿತ್ತು... ಇಲ್ಲ, ಹಾಗೆ ಎಂದೂ ಅನಿಸಿಲ್ಲ. ಅದನ್ನೂ ಸರಿಯಾಗಿಯೇ ಹೇಳಿಬಿಡಬೇಕು.

ಮಲ್ಲಿಯ ಹೆಸರು ನೀವು ಕೇಳಿರಲಿಕ್ಕಿಲ್ಲ. ಗಲ್ಲಿಗಲ್ಲಿಗೂ ಕ್ರಿಕೆಟ್ ಆಡುವ ಹೈದರಾಬಾದಿನಲ್ಲಿ ಅವನು ಬೇಸ್‌ಬಾಲ್ ಆಡುತ್ತಿದ್ದ. ಅವನು ಪಿಚರ್, ಚೆಂಡು ಎಸೆಯುವವನು. ನಾನು ಕ್ಯಾಚರ್, ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಆ ಚೆಂಡು ಹಿಡಿಯುವವನು. ನಮ್ಮಿಬ್ಬರ ಮನೆಯವರೂ ಕಲಬುರಗಿ ಕಡೆಯಿಂದ ಇಲ್ಲಿನ ಕಾರ್ಖಾನೆಗಳಿಗೆ ಬಂದವರು. ಮಲ್ಲಿಗೆ ತಂದೆ ಇರಲಿಲ್ಲ. ನಮ್ಮ ಕೋಚ್ ಯಾದಗಿರಿ ಸರ್ ಜಹೀರಾಬಾದಿನವರು, ನಮ್ಮ ಜೊತೆ ನಡುನಡುವೆ ತೆಲುಗು ಬೆರೆಸಿ ಕನ್ನಡದಲ್ಲೇ ಮಾತಾಡುತ್ತಿದ್ದರು. ಮಲ್ಲಿಯ ಕೈಗೆ ಮೊದಲು ಚೆಂಡು ಕೊಟ್ಟವರು ಅವರು. ಅವನಿಗೆ ಕಾಮಾಲೆ ಆದಾಗ ತಮ್ಮ ಮನೆಯಲ್ಲೇ ತಿಂಗಳುಗಟ್ಟಲೆ ಇಟ್ಟುಕೊಂಡು ಪಥ್ಯ ಮಾಡಿಸಿದವರೂ ಅವರೇ. ಹೊರದೇಶದ ಒಂದು ಸಣ್ಣ ಲೀಗಿನಲ್ಲಿ ಸಂಬಳಕ್ಕೆ ಆಡಲು ಮಲ್ಲಿ ಆಯ್ಕೆಯಾಗಿ ವಿಮಾನ ಹತ್ತಿದ ದಿನ, ಸರ್ ನಮ್ಮೆಲ್ಲರೆದುರು ಅತ್ತುಬಿಟ್ಟಿದ್ದರು.

ಅಲ್ಲಿ ಅವನು ಆಡಿದ್ದು ಒಂದೇ ಸೀಸನ್. ಮುಂದಿನದಕ್ಕೂ ಕರೆ ಇತ್ತು. ನಡುವೆ ರಜೆಗೆಂದು ಊರಿಗೆ ಬಂದಿದ್ದ. ಆಗಲೇ ನಮ್ಮ ತಂಡದ ಫೈನಲ್ ಮ್ಯಾಚು. ವಿದೇಶದಲ್ಲಿ ಆಡಿದ ಹುಡುಗ ನಮಗಾಗಿ ಎಸೆಯುತ್ತಾನೆ ಎಂದು ಕಾಲೋನಿಯಲ್ಲೆಲ್ಲ ಸುದ್ದಿ. ಮ್ಯಾಚಿನ ಬೆಳಿಗ್ಗೆ ಅವನು ನನ್ನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದ.

"ಬಸು, ಭುಜ ಎತ್ತಾಕ ಆಗವಲ್ದು. ಮೂರು ತಿಂಗಳು ಚೆಂಡು ಮುಟ್ಟಬ್ಯಾಡ ಅಂತ ಅಲ್ಲಿ ಡಾಕ್ಟರ್ ಹೇಳ್ಯಾರ. ಸರ್ ಎಷ್ಟು ಖುಷಿಯಾಗ್ಯಾರ ನೋಡು, ಅವ್ರ ಮುಂದ ನಿಂತು ಹೇಳಾಕ ಬಾಯಿ ಬರವಲ್ದು. ನೀ ಹೋಗಿ ಹೇಳು."

ಹೇಳುತ್ತೇನೆ ಎಂದು ಹೊರಟೆ. ಮೈದಾನ ದಾಟುವಷ್ಟೇ ದಾರಿ. ಅತ್ತ ಶಾಮಿಯಾನದ ಕೆಳಗೆ, ಕ್ರೀಡಾ ಕೋಟಾದಲ್ಲಿ ನೌಕರಿ ಕೊಡುವ ಕಚೇರಿಯೊಂದರ ಅಧಿಕಾರಿ ಬಂದು ಕೂತಿದ್ದ. ಅವನು ಬಂದದ್ದು ಕ್ಯಾಚರ್‌ಗಳನ್ನು ನೋಡಲು. ಮಲ್ಲಿಯ ವೇಗದ ಚೆಂಡನ್ನು ಹಿಡಿದರೆ ನಾನು ಕಣ್ಣಿಗೆ ಬೀಳುತ್ತೇನೆ. ನಮ್ಮ ಇನ್ನೊಬ್ಬ ಪಿಚರ್ ಎಸೆಯುವುದನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು. ಒಂದು ಮ್ಯಾಚಿಗೆ ಏನಾಗುತ್ತದೆ ಅಂದುಕೊಂಡೆನೋ, ಅಷ್ಟನ್ನೂ ಯೋಚಿಸಲಿಲ್ಲವೋ — ಸರ್ ಸುಣ್ಣದ ಗೆರೆ ಹಾಕಿಸುತ್ತಿದ್ದವರು ತಲೆಯೆತ್ತಿ "ಏಮಿ ಬಸವಾ?" ಅಂದರು.

"ಮಲ್ಲಿ ರೆಡಿ ಅದಾನ್ರಿ ಸರ್" ಅಂದೆ.

ವಾಪಸು ಬಂದು ಮಲ್ಲಿಗೆ ಹೇಳಿದೆ, "ಸರ್ ಭಾಳ ಸಿಟ್ಟಾದ್ರು. ಆಡದಿದ್ರ ಇನ್ನ ಮ್ಯಾಲೆ ನನಗ ಮುಖ ತೋರಸಬ್ಯಾಡ ಅನ್ನು ಅಂದ್ರು."

ಅವನು ನಂಬಲಿಲ್ಲ ಎಂಬಂತೆ ನನ್ನನ್ನೇ ನೋಡಿದ. ಆಮೇಲೆ ನಂಬಿದ. ಹತ್ತು ವರ್ಷ ಅವನ ಚೆಂಡು ಹಿಡಿದವನು ನಾನು — ನನ್ನನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು.

ಐದನೇ ಸುತ್ತಿನಲ್ಲಿ ಅವನು ಎಸೆದ ಚೆಂಡು ನನ್ನ ತಲೆಯ ಮೇಲಿಂದ ಹಾರಿಹೋಯಿತು. ಎದುರು ನೋಡಿದರೆ ಮಲ್ಲಿ ಮಣ್ಣಿನಲ್ಲಿ ಮಂಡಿಯೂರಿದ್ದ. ಬಲಗೈ ಅವನದಲ್ಲವೆಂಬಂತೆ ಜೋತುಬಿದ್ದಿತ್ತು. ಭುಜದೊಳಗೆ ಹರಿದದ್ದು ಮತ್ತೆ ಕೂಡಲಿಲ್ಲ. ಇವತ್ತಿಗೂ ಅವನು ಎಡಗೈಯಿಂದಲೇ ತಲೆ ಬಾಚಿಕೊಳ್ಳುತ್ತಾನೆ. ನನಗೆ ಆ ನೌಕರಿ ಸಿಕ್ಕಿತು. ಈಗಲೂ ಅದರಲ್ಲೇ ಇದ್ದೇನೆ.

ಆಸ್ಪತ್ರೆಗೆ ಸರ್ ಮೋಸಂಬಿ ತೆಗೆದುಕೊಂಡು ಬಂದರು. ಮಲ್ಲಿ ಗೋಡೆಯ ಕಡೆ ಹೊರಳಿ "ಅವ್ರನ್ನ ಹೊರಗ ಕಳಸು" ಅಂದ. ವರಾಂಡದಲ್ಲಿ ಸರ್ ನನ್ನ ತೋಳು ಹಿಡಿದು ಕೇಳಿದರು, "ಇಷ್ಟು ನೋವು ಇತ್ತಂದ್ರ ಒಂದು ಮಾತು ಹೇಳಬಾರದಾ ಅವ? ನಾನು ಆಡಿಸ್ತಿದ್ನಾ?"

"ನಾ ಬ್ಯಾಡ ಅಂದೆ ಸರ್. ಅವ ಕೇಳಲಿಲ್ಲ, ರೆಡಿ ಅದೀನಿ ಅಂತನ ಹೇಳು ಅಂದ."

ಹೀಗೆ ಶುರುವಾದದ್ದು. ವಿದೇಶಕ್ಕೆ ಹೋಗಿ ಬಂದ ಹುಡುಗನಿಗೆ ಸೊಕ್ಕು ಬಂದಿದೆ ಎಂದು ಸರ್ ತಿಳಿದರು. ತನ್ನ ಕೈಗಿಂತ ಫೈನಲ್ ಗೆಲ್ಲುವುದೇ ಸರ್‌ಗೆ ದೊಡ್ಡದಾಯಿತು ಎಂದು ಮಲ್ಲಿ ತಿಳಿದ. ನಾನು ಊರಿಗೆಲ್ಲ ಹೇಳುತ್ತಿದ್ದುದು ಕಿವಿಗೆ ಬಿದ್ದರೂ, ಸರ್ ಮರ್ಯಾದೆ ಉಳಿಸಲು ಹಾಗೆ ಹೇಳುತ್ತಿದ್ದೇನೆ ಅಂದುಕೊಂಡ. ಸರ್ ಮೆಹದಿಪಟ್ಟಣಂ ಕಡೆ ಮನೆ ಮಾಡಿದರು. ಮಲ್ಲಿ ಇಲ್ಲೇ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡ. ಒಂದೇ ಊರಿನಲ್ಲಿದ್ದೂ ಮಾತಿಲ್ಲ. ನಾನು ಇಬ್ಬರ ಮನೆಗೂ ಹೋಗುತ್ತಿದ್ದೆ. ಇಬ್ಬರೂ ನನಗೆ ಚಹಾ ಕೊಡುತ್ತಿದ್ದರು.

ಹೋದ ತಿಂಗಳು ಸುಜಾತಾ ಎಂಬಾಕೆ ಫೋನು ಮಾಡಿದಳು. ಈಗ ಇದೇ ಊರಿನ ಮಣಿಕೊಂಡದಲ್ಲಿದ್ದಾಳೆ, ಕಾಲೇಜಿನ ದಿನಗಳಲ್ಲಿ ಗೆಳತಿಯರ ಜೊತೆ ನಮ್ಮ ಮ್ಯಾಚು ನೋಡಲು ಬರುತ್ತಿದ್ದವಳು. ಆ ಹೊರದೇಶದ ಲೀಗಿನ ಹಳೆಯ ಆಟಗಾರರ ಪಟ್ಟಿ ಅಂತರ್ಜಾಲದಲ್ಲಿ ಅವಳಿಗೆ ಸಿಕ್ಕಿತ್ತು. ಅದರಲ್ಲಿ ಒಂದು ಸಾಲು ನಮ್ಮ ಮಲ್ಲಿಯದು. ಅವಳು ವಾಟ್ಸಾಪ್ ಗುಂಪು ಮಾಡಿದಳು. ಎಲ್ಲೆಲ್ಲಿಂದಲೋ ಜನ ಸೇರಿದರು. ನಾನು ಹೆದರಿದ್ದು ಅಲ್ಲಿ — ಅವನನ್ನು ಎಲ್ಲರೂ ಮರೆತಿದ್ದಾರೆ ಎಂದೇ ನಾನು ಧೈರ್ಯದಿಂದಿದ್ದೆ. ಎಸೆಯುವ ಮುಂಚೆ ಅವನು ಟೋಪಿಯ ಅಂಚು ಎರಡು ಸಲ ಮುಟ್ಟುತ್ತಿದ್ದುದನ್ನು ಒಬ್ಬರು ಬರೆದರು. ಅವನ ಚೆಂಡಿಗೆ ಮುರಿದ ಬ್ಯಾಟಿನ ತುಂಡನ್ನು ಇನ್ನೂ ಇಟ್ಟುಕೊಂಡಿದ್ದೇನೆ ಎಂದು ಇನ್ನೊಬ್ಬರು ಫೋಟೋ ಹಾಕಿದರು. ನನ್ನ ಸುಳ್ಳೂ ಅಲ್ಲಿತ್ತು: "ಗೆಳೆಯ ಬೇಡವೆಂದರೂ ಕೇಳದೆ ಕೈ ಹೋಗುವವರೆಗೂ ಎಸೆದ ವೀರ." ಅದರ ಕೆಳಗೆ ಸಾಲುಸಾಲು ಕೈಮುಗಿದ ಗುರುತುಗಳು.

ಒಂದು ಭಾನುವಾರ ಮಧ್ಯಾಹ್ನ ಸನತ್‌ನಗರದ ಸಮುದಾಯ ಭವನದಲ್ಲಿ ಅವನಿಗೆ ಸನ್ಮಾನ. ಮಲ್ಲಿ ನಾಚಿಕೊಂಡೇ ಬಂದು ಕೂತ. ಅಷ್ಟರಲ್ಲಿ ಸುಜಾತಾ ಒಬ್ಬ ಮುದುಕರನ್ನು ಕೈಹಿಡಿದು ಕರೆತಂದಳು. ಯಾದಗಿರಿ ಸರ್. ಅವರನ್ನು ಕರೆಸುವ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಸರ್ ನೇರ ಮಲ್ಲಿಯ ಮುಂದೆ ಬಂದು ನಿಂತರು.

"ಒಂದು ಮಾತು ಯಾಕ ಹೇಳಲಿಲ್ಲ ರಾ ಮಲ್ಲಿ? ಇಷ್ಟು ವರ್ಷ ಇದನ್ನ ಕೇಳಬೇಕಂತ ಇದ್ದೆ."

ಮಲ್ಲಿ ಎದ್ದು ನಿಂತ. "ಹೇಳಿ ಕಳಿಸಿದ್ನಲ್ರಿ ಸರ್. ಬಸು ಕೈಲಿ..."

ಮಾತು ಅಲ್ಲೇ ನಿಂತಿತು. ಅವನು ನನ್ನ ಕಡೆ ತಿರುಗಿದ. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ತಿಳಿಯದೇ ಇದ್ದದ್ದು ಒಂದು ಕ್ಷಣದಲ್ಲಿ ತಿಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅವನ ಬಾಯಿ ಸ್ವಲ್ಪ ತೆರೆದೇ ಇತ್ತು. ಭವನದಲ್ಲಿ ಎಲ್ಲರೂ ಕಾಯುತ್ತಿದ್ದರು. ಆಗ ಅವನು ಸರ್ ಕಡೆ ತಿರುಗಿ ಮೆಲ್ಲಗೆ ಅಂದ, "ಇಲ್ರಿ ಸರ್. ತಪ್ಪು ನಂದ. ನಾನ ಬಂದು ಹೇಳಬೇಕಿತ್ತು."

ಸರ್ ಅವನನ್ನು ಅಪ್ಪಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ದೇವರೇ — ನಾನೂ ತಟ್ಟಿದೆ.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಅವನು ನನ್ನನ್ನು ತಡೆದು ನಿಲ್ಲಿಸಿದ. ಆ ದಿನ ಸರ್‌ಗೆ ನಿಜವಾಗಿ ಏನು ಹೇಳಿದೆ ಎಂದು ಕೇಳಿದ. ಹೇಳಿದೆ. ಅಧಿಕಾರಿಯ ವಿಷಯವನ್ನೂ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ...

"ಕೈ ಹೋತು, ಹೋಗ್ಲಿ ಬಸು. ನನ್ನ ಮದುವಿ ದಿನ ಸರ್ ಬಂದು ಮಂಟಪದ ಹೊರಗ ನಿಂತಿದ್ರು. ನೋಡಿದೆ. ನೋಡಿನೂ ಒಳಗ ಕರೀಲಿಲ್ಲ ನಾ. ಅಪ್ಪ ಇದ್ದಂಗ ಇದ್ರು ಅವ್ರು ನನಗ." ಅವನ ದನಿ ಏರಲೇ ಇಲ್ಲ. "ಅದನ್ನ ಏನು ಮಾಡ್ಲಿ, ನೀನ ಹೇಳು."

ಅವನು ಮೆಟ್ಟಿಲಿಳಿದು ಹೋದ.

ಮರುದಿನ ಬೆಳಿಗ್ಗೆ ಮೆಹದಿಪಟ್ಟಣಂಗೆ ಹೋಗಿ ಸರ್ ಎದುರು ಕೂತು ಎಲ್ಲ ಹೇಳಿದೆ. ಅವರು ಪೇಪರು ಮಡಚಿಟ್ಟು ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೆ ಕೇಳಿದರು, "ಅಂದ್ರ ಅವ ಹೇಳಿ ಕಳಿಸಿದ್ದ?"

"ಕಳಿಸಿದ್ದ ಸರ್."

ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸನತ್‌ನಗರಕ್ಕೆ, ಮಲ್ಲಿಯ ಮನೆಗೆ ಹೊರಟರು. ಆಟೋದಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. "ನೀ ಬರಬ್ಯಾಡ" ಅಂದರು. ಬಸ್‌ಸ್ಟಾಪಿನವರೆಗೆ ಹಿಂದೆಯೇ ಹೋದೆ, ಬಸ್ಸು ಬರುವವರೆಗೆ ಅವರು ನನ್ನ ಕಡೆ ನೋಡಲಿಲ್ಲ.

ಬಸ್ಸು ಹೋದ ಮೇಲೆ ಅಲ್ಲೇ ನಿಂತು ಫೋನು ತೆಗೆದು ಗುಂಪಿನಲ್ಲಿ ಬರೆಯತೊಡಗಿದೆ. ಮೈದಾನ ದಾಟಿದ್ದು, ಅಲ್ಲಿ ಹೇಳಿದ್ದು, ವಾಪಸು ಬಂದು ಹೇಳಿದ್ದು, ಆಸ್ಪತ್ರೆಯಲ್ಲಿ ಹೇಳಿದ್ದು. ಕ್ಷಮಿಸಿ ಎಂಬ ಪದವನ್ನು ಬರೆದು ಅಳಿಸಿದೆ. ಅದನ್ನು ಕೇಳುವ ಹಕ್ಕು ನನಗಿರಲಿಲ್ಲ. ಕಳಿಸಿದೆ. ಎಲ್ಲರೂ ಓದುತ್ತಿರುವುದು ಕಾಣುತ್ತಿತ್ತು. ಕೊನೆಗೆ ಸುಜಾತಾ ಕೇಳಿದಳು, "ಇದು ನಿಜವಾ ಅಣ್ಣ?"

ನಿಜ ಎಂದು ಬರೆದೆ.