ಆಯುಧಪೂಜೆಗೆ ಕಿರುಚುವ ಕಂಪ್ಯೂಟರ್

ವಾಯ್ಸ್ ನೋಟ್ ಉದ್ದವಾಯಿತೆಂದು ಬೈಯಬೇಡಿ. ನಮ್ಮ ದೊಡ್ಡಪ್ಪನನ್ನು ಚಿಕ್ಕದಾಗಿ ಹೇಳಿ ಮುಗಿಸಿದರೆ ಅವರಿಗೆ ಅವಮಾನ. ನಮ್ಮೂರು ಸಾಸಲಿನಲ್ಲಿ ಅವರು ಕಂಪ್ಯೂಟರ್ ಹನುಮಂತರಾಯಪ್ಪ. ಜೀವಮಾನದಲ್ಲಿ ಒಂದು ಅಕ್ಷರವನ್ನೂ ಟೈಪ್ ಮಾಡದೆ ಆ ಬಿರುದು ಸಂಪಾದಿಸಿದವರು ತಾಲ್ಲೂಕಿನಲ್ಲಿ ಅವರೊಬ್ಬರೇ.

ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅವರು ಸ್ಟೋರ್ ನೋಡಿಕೊಳ್ಳುತ್ತಿದ್ದರು. ಯಂತ್ರ ಕೂರಿಸಲು ಬಂದಿದ್ದ ಜಪಾನಿ ಎಂಜಿನಿಯರ್ ವಾಪಸ್ ಹೋಗುವಾಗ ತನ್ನ ಹಳೆಯ ಕಂಪ್ಯೂಟರನ್ನು ಅಲ್ಲೇ ಬಿಟ್ಟುಹೋದ. ಶಾರ್ಪ್ ಎಂಜೆಡ್-80ಕೆ. 1978ರಲ್ಲಿ ಜಪಾನಿನ ಮನೆಗಳಿಗೆಂದು ಮಾರಾಟಕ್ಕೆ ಬಂದದ್ದು. ಪರದೆ, ಕೀಲಿಮಣೆ, ಕ್ಯಾಸೆಟ್ ಹಾಕುವ ಜಾಗ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ.

"ಜಪಾನಿನೋರು ನನ್ ಕೈಗೇ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ ಹೋದ್ರು" ಎನ್ನುತ್ತಾರೆ ದೊಡ್ಡಪ್ಪ.

"ಗುಜರಿಗೆ ಹಾಕೋಕ್ ಇಟ್ಟಿದ್ರು, ಇವ್ರು ಕೇಳ್ಕೊಂಡ್ ತಂದ್ರು" ಎನ್ನುತ್ತಾರೆ ದೊಡ್ಡಮ್ಮ ಅನುಸೂಯಮ್ಮ.

ತಂದ ದಿನವೇ ಅದರ ಕಥೆ ಮುಗಿಯಿತು. ಜಪಾನಿನ ಕರೆಂಟು ನೂರು ವೋಲ್ಟ್, ನಮ್ಮದು ಅದರ ಎರಡು ಪಟ್ಟಿಗೂ ಹೆಚ್ಚು. ದೊಡ್ಡಪ್ಪ ಹಿಂದೆಮುಂದೆ ನೋಡದೆ ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಸುಟ್ಟ ವಾಸನೆ ಬಂತು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಇವರು ಸತ್ತ ಪೆಟ್ಟಿಗೆಗೆ ಮನೆಯ ಒಳ್ಳೆಯ ಕೋಣೆ ಕೊಟ್ಟು, ವೆಲ್ವೆಟ್ ಬಟ್ಟೆ ಹೊದಿಸಿ, ಬೀಗ ಜಡಿದರು.

ಅದು ಸತ್ತಿದೆಯೆಂದು ಊರಿಗೆ ತಿಳಿಯಬಾರದಲ್ಲ? ಅದಕ್ಕೇ ಪ್ರತಿ ಆಯುಧಪೂಜೆಗೆ ಒಂದು ನಾಟಕ. ಬೇರೆಯವರು ಟ್ರ್ಯಾಕ್ಟರಿಗೆ ಕುಂಕುಮ ಹಚ್ಚುವಾಗ ಇವರು ವೆಲ್ವೆಟ್ ಸರಿಸುತ್ತಿದ್ದರು. ಕಂಪ್ಯೂಟರಿನ ಜೊತೆ ಬಂದಿದ್ದ ಕ್ಯಾಸೆಟ್ಟನ್ನು ಪಕ್ಕದ ಟೇಪ್ ರೆಕಾರ್ಡರಿಗೆ ಹಾಕಿ ಒತ್ತುತ್ತಿದ್ದರು. ಕಿವಿ ತೂತಾಗುವಂತೆ ಕಿರುಚಾಟ.

"ಕಂಪ್ಯೂಟರ್ ಮಾತಾಡ್ತೈತೆ. ಕೈ ಮುಗೀರಿ!"

ಜನ ಕೈ ಮುಗಿಯುತ್ತಿದ್ದರು. ಪಕ್ಕದ ಮನೆಯ ಬೈರಣ್ಣ ಗಲ್ಲ ಬೇರೆ ಬಡಿದುಕೊಳ್ಳುತ್ತಿದ್ದ.

ದೊಡ್ಡಮ್ಮನಿಗೆ ಬೇಕಿದ್ದದ್ದು ಆ ಕೋಣೆ. ಅವರು ರವಿಕೆ ಹೊಲಿಯುತ್ತಾರೆ. ಹೊಲಿಗೆ ಮಿಷನ್ ಇದ್ದದ್ದು ಅಡುಗೆಮನೆಯ ಬಾಗಿಲಲ್ಲಿ. ಮದುವೆ ಹೆಣ್ಣೊಬ್ಬಳ ರೇಷ್ಮೆ ರವಿಕೆಗೆ ಒಗ್ಗರಣೆ ಎಣ್ಣೆ ಸಿಡಿದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ದೂರವಾಗುತ್ತಿದ್ದರು. ಈ ಸಲದ ಪೂಜೆಯಲ್ಲಿ, ಎಲ್ಲರೂ ಸೇರಿದ್ದಾಗ, ಅವರು ಬಾಯಿ ಬಿಟ್ಟು ಕೇಳಿದರು.

"ರೀ, ಈ ರೂಮ್ ನಂಗ್ ಬಿಟ್ಕೊಡ್ರಿ. ಕಿಟ್ಕಿ ಬೆಳಕೈತೆ."

"ನಿನ್ ಜಾಕೀಟಿಗೋಸ್ಕರ ಜಪಾನ್ನ ಬೀದಿಗ್ ಹಾಕ್ಲಾ? ಇದ್ರೊಳಗಿರೋದು ಇನ್ಯಾವ್ದ್ರಲ್ಲಾದ್ರೂ ಓಡುತ್ತೆ ಅಂತ ಯಾರಾದ್ರೂ ತೋರ್ಸ್ಲಿ. ಇವತ್ತೇ ಬೀಗದ ಕೈ ಕೊಟ್ಬಿಡ್ತೀನಿ."

"ಎಲ್ರ ಮುಂದೆ ಹೇಳಿದ್ದೀರ ದೊಡ್ಡಪ್ಪ" ಎಂದು ನಾನು ಲ್ಯಾಪ್‌ಟಾಪ್ ತಂದೆ.

ಊರ ನಾಟಕದಲ್ಲಿ ಬೈರಣ್ಣ ಕಿರೀಟ ಇಟ್ಟುಕೊಂಡು ರಾಜನಾಗುತ್ತಾನಲ್ಲ, ಎಮ್ಯುಲೇಟರ್ ಎಂದರೆ ಅಷ್ಟೇ. ಲ್ಯಾಪ್‌ಟಾಪಿಗೆ ಹಳೆಯ ಕಂಪ್ಯೂಟರಿನ ವೇಷ. ಎಲ್ಲೆಲ್ಲಿಯವರೋ ಪುಣ್ಯಾತ್ಮರು ಆ ಯಂತ್ರದ ನಡೆನುಡಿಯನ್ನೆಲ್ಲ ಪ್ರೋಗ್ರಾಂ ಮಾಡಿ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಇನ್ನೊಂದು ಸಂಗತಿ: ಈ ಯಂತ್ರದ ತಲೆಯಲ್ಲಿ ಸ್ವಂತದ್ದೆಂಬುದು ಹೆಚ್ಚೇನೂ ಇಲ್ಲ. ಬೇಸಿಕ್ ಎಂಬ ಭಾಷೆಯನ್ನು ಪ್ರತಿ ಸಲವೂ ಕ್ಯಾಸೆಟ್ಟಿನಿಂದಲೇ ತುಂಬಬೇಕು; ಆ ಕಿರುಚಾಟವೇ ಸದ್ದಿನ ರೂಪದಲ್ಲಿರುವ ಬೇಸಿಕ್. ಯಜಮಾನರಿಗೆ ತಕ್ಕ ಯಂತ್ರ.

ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದೆ. ಊರು ಇಷ್ಟು ವರ್ಷ ಕೈ ಮುಗಿದ ಕಿರುಚಾಟವನ್ನು ರೆಕಾರ್ಡ್ ಮಾಡಿ ಎಮ್ಯುಲೇಟರಿಗೆ ಉಣಿಸಿದೆ. ಮೊದಲ ಸಲ ಹತ್ತಲಿಲ್ಲ. ದೊಡ್ಡಪ್ಪ ಮೀಸೆಯಲ್ಲೇ ನಕ್ಕರು. ಸೌಂಡ್ ಸ್ವಲ್ಪ ತಗ್ಗಿಸಿ ಮತ್ತೆ ಹಾಕಿದೆ. ಪರದೆಯ ಮೇಲೆ ಬೇಸಿಕ್‌ನ ಹೆಸರು ಬಂತು. ಅದರ ಕೆಳಗೆ 'ರೆಡಿ' ಎಂಬ ಇಂಗ್ಲಿಷ್ ಪದ.

"ಅಷ್ಟೇನಾ ಗುರು?" ಎಂದ ಬೈರಣ್ಣ. "ನಾನ್ ಗಲ್ಲ ಬಡ್ಕೊಂಡಿದ್ದು ಇದಕ್ಕಾ?"

"ನಾನು ಸಿದ್ಧ, ಏನ್ ಮಾಡ್ಲಿ ಹೇಳು ಅಂತೈತೆ ಬೈರಣ್ಣ. ಹೇಳಿ ದೊಡ್ಡಪ್ಪ, ನಿಮ್ ಕಂಪ್ಯೂಟರು."

ದೊಡ್ಡಪ್ಪನ ತೋರುಬೆರಳು ಕೀಲಿಗಳ ಮೇಲೆ ನೊಣದ ಹಾಗೆ ಸುತ್ತಿತು. ಎಲ್ಲೂ ಕೂರಲಿಲ್ಲ.

"ಇಷ್ಟ್ ವರ್ಷದಿಂದ ಕಾಯ್ತಾ ಐತಂತೆ, ಪಾಪ" ಎಂದರು ದೊಡ್ಡಮ್ಮ. "ಏನಾರ ಹೇಳ್ರಿ ಅದಕ್ಕೆ."

ದೊಡ್ಡಪ್ಪ ಕೈ ಹಿಂದೆಳೆದು ಗಂಟಲು ಸರಿಮಾಡಿಕೊಂಡರು. "ಆಯುಧಪೂಜೆ ದಿನ ಆಯುಧಕ್ಕೆ ಕೆಲ್ಸ ಹೇಳ್ಬಾರ್ದು. ಅಷ್ಟೂ ಗೊತ್ತಿಲ್ವಾ ನಿಮ್ಗೆ?"

"ಸರಿ ಬಿಡಿ. ನಾಳೆ ವಿಜಯದಶಮಿ, ನಾಳೆ ಇದನ್ನ ಅಟ್ಟಕ್ಕೆ ಸಾಗ್ಸಣ" ಎಂದ ದೊಡ್ಡಮ್ಮ ಅಂಗೈ ಚಾಚಿದರು. "ಬೀಗದ ಕೈ ಮಾತ್ರ ಇವತ್ತೇ ಕೊಡ್ರಿ."

ಎಲ್ಲರೂ ನೋಡುತ್ತಿದ್ದರು. ದೊಡ್ಡಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿದರು. ಮರುದಿನ ನಾನೂ ಬೈರಣ್ಣನೂ ಎಂಜೆಡ್-80ಕೆಯನ್ನು ಅಟ್ಟಕ್ಕೆ ಹತ್ತಿಸಿ, ಹಿಂಡಿ ಮೂಟೆಗಳ ಪಕ್ಕ ಕೂರಿಸಿದೆವು. ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್ ಬಂತು. ಬಿಟ್ಟುಹೋದ ಗಿರಾಕಿಗಳೂ ಬರತೊಡಗಿದರು.

ದೊಡ್ಡಪ್ಪ ತಿದ್ದಿಕೊಂಡರೆಂದು ಮಾತ್ರ ತಿಳಿಯಬೇಡಿ. ಈಗ ಅದೇ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೊಲಿಗೆ ಮಿಷನ್ನಿಗೆಂದು ದೊಡ್ಡಮ್ಮ ದೊಡ್ಡಬಳ್ಳಾಪುರದ ಅಂಗಡಿಯಲ್ಲಿ ಕೊಂಡ, ಲುಧಿಯಾನದಲ್ಲಿ ತಯಾರಾದ ಮೋಟರನ್ನು ಬಂದವರಿಗೆಲ್ಲ ದೊಡ್ಡಪ್ಪನೇ ತೋರಿಸುತ್ತಾರೆ.

"ಜಪಾನ್ ಮೋಟ್ರಮ್ಮ ಇದು. ನಾನೇ ಆರಿಸಿದ್ದು."

ಮೊನ್ನೆ ಅಳತೆ ಕೊಡಲು ಬಂದಾಕೆಯೊಬ್ಬಳು ಅದಕ್ಕೂ ಕೈ ಮುಗಿದಳಂತೆ.